ಶ್ರೀಲಂಕಾದ ದಕ್ಷಿಣ ಕರಾವಳಿಗೆ ಹೊರಟವರಿಗೆ: ಬೆಂತೋಟದಿಂದ ತಂಗಾಲೆವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮೂರಿನಿಂದ ಶ್ರೀಲಂಕಾಕ್ಕೆ ಹೊರಡುವ ಪ್ಯಾಕೇಜ್ ಪ್ರವಾಸಗಳ ಪಟ್ಟಿ ನೋಡಿದರೆ ಕ್ಯಾಂಡಿ, ನುವರ ಎಲಿಯ, ಕೊಲಂಬೊಗಳಿಗೆ ದಿನಗಳನ್ನು ಧಾರಾಳವಾಗಿ ಹಂಚಿ, ಕರಾವಳಿಗೆ ಬೆಂತೋಟದಲ್ಲಿ ಒಂದು ರಾತ್ರಿಯನ್ನಷ್ಟೇ ಬಿಟ್ಟಿರುತ್ತಾರೆ. ಕಡಲು ಎಲ್ಲಿ ನೋಡಿದರೂ ಒಂದೇ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಬೆಂತೋಟದಿಂದ ತಂಗಾಲೆವರೆಗಿನ ಸುಮಾರು 130 ಕಿಲೋಮೀಟರ್ ದಂಡೆಯ ಮಟ್ಟಿಗಂತೂ ಈ ಲೆಕ್ಕಾಚಾರ ಪೂರ್ತಿ ತಪ್ಪು. ಇಲ್ಲಿ ಒಂದು ಕೊಲ್ಲಿಯಲ್ಲಿ ಮಕ್ಕಳನ್ನು ನೀರಿಗೆ ಬಿಡಬಹುದು. ಹತ್ತು ಕಿಲೋಮೀಟರ್ ಆಚೆಯ ಕೊಲ್ಲಿಯಲ್ಲಿ ಈಜು ಬಲ್ಲವರೂ ಮೊಣಕಾಲಿನಾಚೆ ಇಳಿಯಬಾರದು. ಯಾವ ಕೊಲ್ಲಿ ಯಾವುದಕ್ಕೆ ಒದಗುತ್ತದೆ ಎಂದು ಮೊದಲೇ ತಿಳಿದುಕೊಂಡು ತಂಗುವ ಜಾಗವನ್ನು ಆರಿಸಿದರೆ ಅರ್ಧ ಪ್ರವಾಸ ಅಲ್ಲಿಗೇ ಗೆದ್ದಂತೆ.

ಹಂತ 1: ತಿಂಗಳನ್ನು ಆರಿಸಿ, ಟಿಕೆಟ್ ಆಮೇಲೆ

ಮಂಗಳೂರು, ಕಾರವಾರಗಳಿಗೆ ಮಳೆ ತರುವ ನೈಋತ್ಯ ಮುಂಗಾರೇ ಈ ದಂಡೆಗೂ ಮಳೆ ತರುತ್ತದೆ, ತುಸು ಮೊದಲೇ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಡಲು ಒರಟಾಗಿರುತ್ತದೆ. ತಿಮಿಂಗಿಲ ನೋಡಲು ಕರೆದೊಯ್ಯುವ ದೋಣಿಗಳು ಬಹುತೇಕ ದಡದಲ್ಲೇ ಇರುತ್ತವೆ, ಎಷ್ಟೋ ಹೋಟೆಲುಗಳು ಅರ್ಧ ಬಾಗಿಲು ಹಾಕಿರುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಮುಂಗಾರು ಸರಿದರೂ ದ್ವೀಪದುದ್ದಕ್ಕೂ ಸಂಜೆಯ ಗುಡುಗು ಮಳೆ ಜೋರಾಗಿಯೇ ಇರುತ್ತದೆ. ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಅವಧಿಯೇ ದಕ್ಷಿಣಕ್ಕೆ ಸರಿಯಾದ ಕಾಲ.

ಶಾಲೆಯ ಬೇಸಿಗೆ ರಜೆಯಲ್ಲೇ ಹೋಗಬೇಕಾದವರು ಏಪ್ರಿಲ್ ಮೊದಲ ವಾರಗಳನ್ನು ಬಳಸಿಕೊಳ್ಳಬಹುದು. ಆದರೆ ಏಪ್ರಿಲ್ 13, 14ರ ಸುಮಾರಿಗೆ ಸಿಂಹಳ ಮತ್ತು ತಮಿಳು ಹೊಸ ವರ್ಷ ಬರುತ್ತದೆ. ನಮ್ಮ ತುಳುನಾಡಿನ ಬಿಸು ಹಬ್ಬವೂ ಆಗಲೇ. ಆ ದಿನಗಳಲ್ಲಿ ಸಣ್ಣ ಅಂಗಡಿ, ಊಟದ ಮನೆಗಳು ಮುಚ್ಚಿರುತ್ತವೆ. ಕೊಲಂಬೊದಿಂದ ಊರಿಗೆ ಹೊರಟವರಿಂದ ಬಸ್ಸು, ರೈಲುಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮೇ ನಂತರವೇ ಬಿಡುವಾಗುವವರು ದಕ್ಷಿಣವನ್ನು ಮರೆತು ಪೂರ್ವ ದಂಡೆಯ ಅರುಗಂ ಬೇ, ತ್ರಿಕೋಣಮಲೆಗಳತ್ತ ನೋಡುವುದು ಒಳ್ಳೆಯದು. ಆಗ ಅಲ್ಲಿ ಮಳೆ ಕಡಿಮೆ.

ಹಂತ 2: ಕಾಗದಪತ್ರ, ಹಣ, ಫೋನು

ಭಾರತೀಯರು ಹೊರಡುವ ಮುನ್ನವೇ ಇಟಿಎ ಎಂಬ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ ಪಡೆದಿರಬೇಕು. ಅದರ ಶುಲ್ಕ, ವಿನಾಯಿತಿಗಳ ನಿಯಮ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬದಲಾಗಿದೆ. ಆದ್ದರಿಂದ ಅರ್ಜಿ ಹಾಕುವ ದಿನ ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣವನ್ನೇ ನೋಡಿ. ಹೆಸರು, ಬಣ್ಣ ಎಲ್ಲವೂ ಅದನ್ನೇ ಹೋಲುವ ದಲ್ಲಾಳಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ. ಅವು ಹೆಚ್ಚುವರಿ ಹಣ ಕೀಳುತ್ತವೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಅದರ ಒಂದು ನಕಲು ಕೈಯಲ್ಲಿರಲಿ: ಕೆಲವು ಉದ್ಯಾನ, ಸ್ಮಾರಕಗಳಲ್ಲಿ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಪ್ರವೇಶ ದರ ಕಡಿಮೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಒಂದು ಭಾರತೀಯ ರೂಪಾಯಿಗೆ ಮೂರಕ್ಕಿಂತ ಹೆಚ್ಚು ಶ್ರೀಲಂಕಾ ರೂಪಾಯಿ ಸಿಗುತ್ತದೆ. ಅಲ್ಲಿ ಬೆಲೆ ಕೇಳಿ ಗಾಬರಿಯಾಗುವ ಮೊದಲು ಮೂರೂವರೆಯಿಂದ ಭಾಗಿಸಿ ನೋಡಿ. ಕಟುನಾಯಕದ ವಿಮಾನ ನಿಲ್ದಾಣದೊಳಗಿನ ಬ್ಯಾಂಕ್ ಕೌಂಟರುಗಳಲ್ಲೇ ಹಣ ಬದಲಾಯಿಸಿಕೊಳ್ಳಬಹುದು, ರಸೀದಿ ಜೋಪಾನ. ಉಳಿದ ಹಣವನ್ನು ಹಿಂದಿರುಗಿಸುವಾಗ ಕೇಳುತ್ತಾರೆ. 2024ರ ಫೆಬ್ರುವರಿಯಿಂದ ಯುಪಿಐ ಪಾವತಿಯೂ ಶ್ರೀಲಂಕಾದಲ್ಲಿ ಚಾಲ್ತಿಗೆ ಬಂದಿದೆ. ಆದರೂ ಅದನ್ನೇ ನೆಚ್ಚಿಕೊಂಡು ಹೊರಡಬೇಡಿ. ದಂಡೆಯ ಮೇಲಿನ ಎಳನೀರು ಮಾರುವವರಿಗೂ ಆಟೋದವರಿಗೂ ನಗದೇ ಬೇಕು.

ವಿಮಾನ ನಿಲ್ದಾಣದಲ್ಲೇ ಡಯಲಾಗ್ ಅಥವಾ ಮೊಬಿಟೆಲ್ ಕಂಪನಿಯ ಪ್ರವಾಸಿ ಸಿಮ್ ಸಿಗುತ್ತದೆ. ಗಡಿಯಾರವನ್ನು ಮುಟ್ಟಬೇಕಿಲ್ಲ, ಎರಡೂ ದೇಶಗಳ ಸಮಯ ಒಂದೇ. ಪ್ಲಗ್ ಮಾತ್ರ ಗೊಂದಲದ್ದು. ಹಳೆಯ ಮನೆಗಳಲ್ಲಿ ನಮ್ಮ ದುಂಡು ಪಿನ್ ಹೊಂದುತ್ತದೆ, ಹೊಸ ಹೋಟೆಲುಗಳಲ್ಲಿ ಬ್ರಿಟನ್ನಿನ ಚೌಕ ಪಿನ್ನಿನ ಸಾಕೆಟ್ ಇರುತ್ತದೆ. ಒಂದು ಅಡಾಪ್ಟರ್ ಚೀಲದಲ್ಲಿರಲಿ.

ಹಂತ 3: ವಿಮಾನ ನಿಲ್ದಾಣದಿಂದ ದಂಡೆಗೆ, ಸಾಧ್ಯವಾದರೆ ರೈಲಿನಲ್ಲೇ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ವಿಮಾನ ನಿಲ್ದಾಣವಿರುವುದು ನಗರದ ಉತ್ತರಕ್ಕೆ 30 ಕಿಲೋಮೀಟರಿಗೂ ಆಚೆ, ನೀವು ಹೋಗಬೇಕಾದದ್ದು ದಕ್ಷಿಣಕ್ಕೆ. ರಾತ್ರಿ ಇಳಿಯುವವರು, ವಯಸ್ಸಾದವರು ಜೊತೆಗಿರುವವರು ಕಾರು ಹಿಡಿದು ಹೆದ್ದಾರಿಯಲ್ಲಿ ನೇರ ದಕ್ಷಿಣಕ್ಕೆ ಹೋಗಿಬಿಡುವುದೇ ಸರಿ. 2011ರಲ್ಲಿ ಗಾಲೆವರೆಗೆ ತೆರೆದ ದಕ್ಷಿಣ ಎಕ್ಸ್‌ಪ್ರೆಸ್ ಹೆದ್ದಾರಿ ಈಗ ಮಾತರ ದಾಟಿ ಹಂಬನ್‌ತೋಟದವರೆಗೂ ಹೋಗುತ್ತದೆ. ಕೊಲಂಬೊ ಅಂಚಿನ ಮಾಕುಂಬುರ ನಿಲ್ದಾಣದಿಂದ ಇದೇ ಹೆದ್ದಾರಿಯಲ್ಲಿ ಗಾಲೆ, ಮಾತರಗಳಿಗೆ ಹವಾನಿಯಂತ್ರಿತ ಬಸ್ಸುಗಳೂ ಇವೆ.

ಹಗಲು ಇಳಿದವರು ಮಾತ್ರ ರೈಲನ್ನು ಬಿಡಬಾರದು. 1894ರಲ್ಲಿ ಗಾಲೆಗೂ ಮರುವರ್ಷ ಮಾತರಕ್ಕೂ ತಲುಪಿದ ಈ ಹಳಿ ಕೊಲಂಬೊ ಬಿಡುತ್ತಿದ್ದಂತೆಯೇ ನೀರಿನ ಅಂಚಿಗೆ ಬಂದುಬಿಡುತ್ತದೆ. ಮುಂಗಾರಿನ ಅಲೆಯ ಹನಿ ಕಿಟಕಿಗೆ ಸಿಡಿಯುವಷ್ಟು ಹತ್ತಿರ. ಇದನ್ನು ಸುಖವಾಗಿ ಅನುಭವಿಸಲು ಕೆಲವು ಉಪಾಯಗಳಿವೆ.

ಕೊಲಂಬೊ ಫೋರ್ಟ್ ನಿಲ್ದಾಣದಲ್ಲಿ ಎಲ್ಲರೂ ನುಗ್ಗುತ್ತಾರೆ. ದಕ್ಷಿಣದ ಹಲವು ರೈಲುಗಳು ಹೊರಡುವುದು ಅದಕ್ಕೂ ಹಿಂದಿನ ಮರದಾನ ನಿಲ್ದಾಣದಿಂದ. ಅಲ್ಲಿಯೇ ಹತ್ತಿದರೆ ಕೂರಲು ಜಾಗ ಸಿಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕುಳಿತುಕೊಳ್ಳಿ, ಕಡಲಿರುವುದು ಆ ಕಡೆಗೆ. ಕಾಯ್ದಿರಿಸದ ಎರಡನೇ ದರ್ಜೆ ಸಾಕು, ಟಿಕೆಟ್ ಅಂದೇ ಕೌಂಟರಿನಲ್ಲಿ ಸಿಗುತ್ತದೆ. ಕಾಯ್ದಿರಿಸಿದ ಆಸನವೇ ಬೇಕೆಂದರೆ 30 ದಿನ ಮೊದಲು ಆನ್‌ಲೈನ್ ಬುಕಿಂಗ್ ತೆರೆಯುತ್ತದೆ. ಚೀಟಿಯನ್ನು ಎಸೆಯಬೇಡಿ, ಇಳಿದ ಮೇಲೆ ಹೊರಬಾಗಿಲಿನಲ್ಲಿ ವಾಪಸು ಕೇಳುತ್ತಾರೆ. ಕಚೇರಿ ಬಿಡುವ ಸಂಜೆಯ ಹೊತ್ತಿನಲ್ಲಿ ದೊಡ್ಡ ಸೂಟ್‌ಕೇಸ್ ಹಿಡಿದು ಹತ್ತುವ ಸಾಹಸವಂತೂ ಬೇಡ. ಗಾಲೆಗೆ ಎರಡೂವರೆ ಗಂಟೆಯ ಆಸುಪಾಸು ಹಿಡಿಯುತ್ತದೆ. ಗಾಲೆಯಲ್ಲಿ ರೈಲು ಬಂದ ದಿಕ್ಕಿಗೇ ಮುಖ ತಿರುಗಿಸಿ ಹೊರಟರೆ ಹೌಹಾರಬೇಡಿ. ಅಲ್ಲಿ ಹಳಿ ಕೊನೆಯಾಗುವುದರಿಂದ ಮಾತರದ ಕಡೆಗೆ ಹೋಗುವ ಗಾಡಿಗಳು ಹಿಮ್ಮುಖವಾಗಿಯೇ ಹೊರಡುತ್ತವೆ.

ದಾರಿಯಲ್ಲಿ ಹಿಕ್ಕಡುವಕ್ಕೆ ಸ್ವಲ್ಪ ಮೊದಲು ಪೆರಲಿಯ ಎಂಬ ಹಳ್ಳಿ ಬರುತ್ತದೆ. 2004ರ ಡಿಸೆಂಬರ್ 26ರ ಸುನಾಮಿ ಇದೇ ಹಳಿಯ ಮೇಲೆ ನಿಂತಿದ್ದ ಪ್ರಯಾಣಿಕರ ರೈಲನ್ನು ಕೊಚ್ಚಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ರಸ್ತೆಯ ಬದಿಯಲ್ಲಿ ಸ್ಮಾರಕವಿದೆ, ಹತ್ತಿರದಲ್ಲೇ ಊರವರು ನಡೆಸುವ ಸಣ್ಣ ಛಾಯಾಚಿತ್ರ ಸಂಗ್ರಹಾಲಯವೂ ಇದೆ. ಅದು ನಗುನಗುತ್ತಾ ಸೆಲ್ಫಿ ತೆಗೆದುಕೊಳ್ಳುವ ಜಾಗವಲ್ಲ ಎಂದು ಬೇರೆ ಹೇಳಬೇಕಿಲ್ಲ, ಆದರೂ ತೆಗೆದುಕೊಳ್ಳುವವರಿದ್ದಾರೆ.

ಹಂತ 4: ಎರಡೇ ಕಡೆ ತಂಗಿ

ದಿನಕ್ಕೊಂದು ಊರಿನಲ್ಲಿ ಗಂಟುಮೂಟೆ ಬಿಚ್ಚುವ ಅಭ್ಯಾಸವನ್ನು ಇಲ್ಲಿ ಬಿಡಬಹುದು. ಗಾಲೆಯಿಂದ ಉನವಟುನಕ್ಕೆ ಐದಾರು ಕಿಲೋಮೀಟರ್, ಮಿರಿಸ್ಸಕ್ಕೆ 35ರ ಹತ್ತಿರ, ಮಾತರಕ್ಕೆ 45ರ ಸುಮಾರು. ಒಂದು ವಾರವಿದ್ದರೆ ಗಾಲೆ ಅಥವಾ ಉನವಟುನದಲ್ಲಿ ಅರ್ಧ ವಾರ, ಮಿರಿಸ್ಸ ಅಥವಾ ಇನ್ನೂ ಪೂರ್ವದ ತಂಗಾಲೆಯಲ್ಲಿ ಅರ್ಧ ವಾರ; ಉಳಿದದ್ದೆಲ್ಲ ಹೋಗಿಬರುವ ಊರುಗಳು.

ಊರಿಂದೂರಿಗೆ ಕರಾವಳಿ ರಸ್ತೆಯ ಸಾಮಾನ್ಯ ಬಸ್ಸು ಅಗ್ಗ, ಬೇಗ, ಮತ್ತು ನಮ್ಮ ಖಾಸಗಿ ಬಸ್ಸುಗಳ ವೇಗ ಕಂಡವರಿಗೆ ಹೊಸದಲ್ಲ. ಮುಂದಿನ ಸಾಲಿನ ಆಸನಗಳು ಬೌದ್ಧ ಭಿಕ್ಷುಗಳಿಗೆ ಮೀಸಲು. ಖಾಲಿಯಿದ್ದಾಗ ಕುಳಿತರೂ ಭಿಕ್ಷುವೊಬ್ಬರು ಹತ್ತಿದರೆ ಕೂಡಲೇ ಎದ್ದು ಬಿಡಬೇಕು. ಆಟೋಗೆ ಪಿಕ್‌ಮಿ ಎಂಬ ಅಲ್ಲಿಯದೇ ಆ್ಯಪ್ ಇದೆ, ಊಬರ್ ಕೂಡ ಇದೆ. ಗಾಲೆ, ಮಾತರಗಳಲ್ಲಿ ಅವು ಸಿಗುತ್ತವೆ. ಸಣ್ಣ ದಂಡೆಗಳಲ್ಲಿ ಸ್ಥಳೀಯ ಆಟೋದವರದೇ ಮಾತು. ಹತ್ತುವ ಮೊದಲು ಆ್ಯಪ್ ತೋರಿಸುವ ದರ ನೋಡಿಟ್ಟುಕೊಂಡು ಚೌಕಾಸಿ ಮಾಡಿ. ಸ್ಕೂಟರ್ ಬಾಡಿಗೆಗೆ ಪಡೆಯುವ ಆಸೆಯಿದ್ದರೆ, ಭಾರತದ ಚಾಲನಾ ಪರವಾನಗಿ ಮಾತ್ರ ಇದ್ದರೆ ಸಾಲದು. ಅಂತರರಾಷ್ಟ್ರೀಯ ಪರವಾನಗಿ ಜೊತೆಗೆ ಶ್ರೀಲಂಕಾದಲ್ಲಿ ಅದಕ್ಕೆ ಮಾನ್ಯತೆ ಪಡೆಯಬೇಕು. ಬಾಡಿಗೆ ಕೊಡುವವರು ‘ಪರವಾಗಿಲ್ಲ’ ಎನ್ನುತ್ತಾರೆ. ಅಪಘಾತವಾದ ದಿನ ವಿಮಾ ಕಂಪನಿ ಹಾಗೆನ್ನುವುದಿಲ್ಲ.

ಹಂತ 5: ನೀರಿಗೆ ಇಳಿಯುವ ಮೊದಲು

ಇಷ್ಟೆಲ್ಲ ಹೇಳಿದ್ದರಲ್ಲಿ ಒಂದನ್ನಷ್ಟೇ ಓದುವವರು ಇದನ್ನು ಓದಿ.

ಮಕ್ಕಳಿಗೆ, ಈಜು ಬಾರದವರಿಗೆ ಮಾತರದ ಪಶ್ಚಿಮಕ್ಕಿರುವ ಪೊಲ್ಹೇನ ಒಳ್ಳೆಯದು. ಅಲ್ಲಿ ಹವಳದ ದಿಬ್ಬ ಅಲೆಗಳನ್ನು ಹೊರಗೇ ಮುರಿಯುವುದರಿಂದ ದಡದ ನೀರು ಆಳವಿಲ್ಲದೆ ಶಾಂತವಾಗಿರುತ್ತದೆ. ಉನವಟುನದ ಬಾಗಿದ ಕೊಲ್ಲಿಯೂ ಸೀಸನ್ನಿನಲ್ಲಿ ಸೌಮ್ಯ. ಸರ್ಫಿಂಗ್ ಕಲಿಯಬೇಕೆನ್ನುವವರಿಗೆ ವೆಲಿಗಾಮ: ತಳದಲ್ಲಿ ಮರಳಿದೆ, ಬಿದ್ದರೆ ಕಲ್ಲು, ಹವಳ ತಾಗುವುದಿಲ್ಲ. ಕಲಿತವರು ದಿಕ್ವೆಲ್ಲ ಬಳಿಯ ಹಿರಿಕೇಟಿಯಕ್ಕೂ ಹಿಕ್ಕಡುವಕ್ಕೂ ಹೋಗುತ್ತಾರೆ. ತಂಗಾಲೆಯ ಉದ್ದನೆಯ ದಂಡೆಗಳು ಕಣ್ಣಿಗೆ ಎಲ್ಲಕ್ಕಿಂತ ಚೆಂದ. ಆದರೆ ದಡ ಕಡಿದಾಗಿ ಇಳಿಯುತ್ತದೆ, ಸೆಳೆತ ಬಲವಾಗಿದೆ. ಅಲ್ಲಿ ನಡೆಯಿರಿ, ಕೂತಿರಿ, ಈಜಬೇಡಿ.

ಜನ ಮುಳುಗುವುದು ಹೆಚ್ಚಾಗಿ ದೊಡ್ಡ ಅಲೆಯಿಂದಲ್ಲ, ಒಳಸೆಳೆತದಿಂದ. ದಡಕ್ಕೆ ಬಂದ ನೀರೆಲ್ಲ ಒಂದು ಕಿರಿದಾದ ದಾರಿ ಹಿಡಿದು ವಾಪಸು ಕಡಲಿಗೆ ಓಡುವುದೇ ಒಳಸೆಳೆತ. ಅದನ್ನು ಗುರುತಿಸುವ ಬಗೆ ಹೀಗೆ: ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ಒಡೆಯದೆ ನೀರು ನಯವಾಗಿ, ಕಡುಬಣ್ಣದಲ್ಲಿ ಕಂಡರೆ, ಅಥವಾ ನೊರೆ, ಕಸ ಕಡಲಿನತ್ತ ಸಾಗುತ್ತಿದ್ದರೆ ಅದೇ ಸೆಳೆತದ ದಾರಿ. ದುರದೃಷ್ಟಕ್ಕೆ ಅಲೆಯಿಲ್ಲದ ಆ ಜಾಗವೇ ಹೊಸಬರಿಗೆ ಸುರಕ್ಷಿತವಾಗಿ ಕಾಣುವುದು. ಸಿಕ್ಕಿಕೊಂಡರೆ ದಡದ ಕಡೆ ಈಜಬೇಡಿ, ದಣಿದು ಮುಳುಗುವುದು ಅಲ್ಲಿಯೇ. ತೇಲುತ್ತಾ ಒಂದು ಕೈ ಎತ್ತಿ ಸಹಾಯ ಕೇಳಿ. ಬಲವಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಸಡಿಲವಾದ ಮೇಲೆ ಅಲೆ ಒಡೆಯುವ ಜಾಗದಿಂದ ಓರೆಯಾಗಿ ದಡಕ್ಕೆ ಬನ್ನಿ. ನಿಮ್ಮವರೊಬ್ಬರು ಸಿಕ್ಕಿಕೊಂಡರೆ ಬರಿಗೈಯಲ್ಲಿ ಹಾರಬೇಡಿ. ಸರ್ಫ್ ಹಲಗೆ, ಖಾಲಿ ಕ್ಯಾನು, ತೇಲುವ ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ ಕರೆಯಿರಿ. ಕೆಂಪು ಬಾವುಟವಿದ್ದಲ್ಲಿ ಇಳಿಯಲೇಬಾರದು. ಕೆಂಪು ಹಳದಿ ಬಾವುಟಗಳಿದ್ದರೆ ಅವುಗಳ ನಡುವೆ ಮಾತ್ರ. ಸಂಜೆಯ ನಂತರ, ಅಥವಾ ಕುಡಿದ ಮೇಲೆ ನೀರಿನ ಹತ್ತಿರ ಸುಳಿಯದಿರಿ.

ಹವಳದ ಮೇಲೆ ನಿಲ್ಲಬೇಡಿ. ಅದು ಸಾಯುತ್ತದೆ, ನಿಮ್ಮ ಪಾದವೂ ಸೀಳುತ್ತದೆ. ಗಾಲೆ ಇರುವುದು ಭೂಮಧ್ಯರೇಖೆಯಿಂದ ಆರು ಡಿಗ್ರಿ ಉತ್ತರಕ್ಕೆ, ಆದ್ದರಿಂದ ನಮ್ಮ ಕಂದು ಚರ್ಮವೂ ಎರಡು ಗಂಟೆಯಲ್ಲಿ ಸುಡುತ್ತದೆ. ಉದ್ದ ತೋಳಿನ ಈಜುಡುಗೆ ಸನ್‌ಸ್ಕ್ರೀನಿಗಿಂತ ನಂಬಿಕಸ್ಥ.

ಹಂತ 6: ಗಾಲೆ ಕೋಟೆಗೆ ಒಂದು ಇಳಿಹೊತ್ತು

ಬಸ್ಸಿನಲ್ಲಿ ಈ ಊರನ್ನು ಕೇಳುವಾಗ ಸಿಂಹಳದಲ್ಲಿ ಕರೆಯುವಂತೆ ‘ಗಾಲ್ಲ’ ಎನ್ನಿ. ಪೋರ್ಚುಗೀಸರು ಮೊದಲು ಕಟ್ಟಿದ ಕೋಟೆಯನ್ನು 1640ರಲ್ಲಿ ಡಚ್ಚರು ಗೆದ್ದು ಈಗಿನ ರೂಪಕ್ಕೆ ತಂದರು, 1796ರಲ್ಲಿ ಅದು ಬ್ರಿಟಿಷರ ಕೈಸೇರಿತು, 1988ರಲ್ಲಿ ಯುನೆಸ್ಕೊ ಪಟ್ಟಿಗೆ ಬಂತು. ಪ್ರವೇಶಕ್ಕೆ ಟಿಕೆಟ್ ಇಲ್ಲ, ಏಕೆಂದರೆ ಅದು ಜನ ಬಾಳುವ ಊರು. ಹಳೆಯ ಹೆಬ್ಬಾಗಿಲಿನ ಒಳಮೈಯಲ್ಲಿ 1669ನೇ ಇಸವಿಯೊಂದಿಗೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನವಿದೆ. ಹೊರಮೈಯಲ್ಲಿರುವುದು ಬ್ರಿಟಿಷರದು. ಅದನ್ನು ನೋಡಿ 1755ರ ಡಚ್ ಇಗರ್ಜಿಯತ್ತ ನಡೆಯಿರಿ, ನೆಲಕ್ಕೆ ಹಾಸಿದ ಸಮಾಧಿ ಕಲ್ಲುಗಳನ್ನು ನೋಡಿಯಾದ ಮೇಲೆ ನಾಲ್ಕು ಗಂಟೆಯ ಸುಮಾರಿಗೆ ಕೊತ್ತಲಗಳ ಮೇಲೇರಿ ದೀಪಸ್ತಂಭದಿಂದ ಸುತ್ತು ಹಾಕಿ. ಮಧ್ಯಾಹ್ನ ಮಾತ್ರ ಬೇಡ, ಅಲ್ಲಿ ನೆರಳೆಂಬುದಿಲ್ಲ.

ಕೋಟೆಯ ಉತ್ತರದ ಗೋಡೆಯಿಂದ ಕೆಳಗೆ ಕ್ರಿಕೆಟ್ ಮೈದಾನ ಅಂಗೈಯಲ್ಲಿಟ್ಟಂತೆ ಕಾಣುತ್ತದೆ. 2010ರ ಜುಲೈಯಲ್ಲಿ ಮುರಳೀಧರನ್ ಭಾರತದ ಪ್ರಜ್ಞಾನ್ ಓಜಾ ಅವರನ್ನು ಔಟ್ ಮಾಡಿ 800ನೇ ಟೆಸ್ಟ್ ವಿಕೆಟ್ ಪಡೆದದ್ದು ಇಲ್ಲಿಯೇ. ಕೋಟೆಯೊಳಗೆ ರತ್ನದ ಅಂಗಡಿಗಳು ಸಾಲಾಗಿವೆ. ಪರಿಚಯವಿಲ್ಲದವರು ಸ್ನೇಹ ಬೆಳೆಸಿ ‘ಇಂದು ಮಾತ್ರ ರಿಯಾಯಿತಿ’ ಎಂದು ಕರೆದೊಯ್ದರೆ ನಯವಾಗಿ ತಪ್ಪಿಸಿಕೊಳ್ಳಿ. ಬಂಡೆಯ ತುದಿಯಿಂದ ಕಡಲಿಗೆ ಹಾರಿ ತೋರಿಸುತ್ತೇವೆ ಎಂದು ಹಣ ಕೇಳುವ ಹುಡುಗರಿಗೂ ಹೀಗೆಯೇ. ಕೊಗ್ಗಲ, ಅಹಂಗಮಗಳಲ್ಲಿ ನೀರಿನೊಳಗೆ ನೆಟ್ಟ ಕೋಲಿನ ಮೇಲೆ ಕೂತ ಮೀನುಗಾರರನ್ನು ಕಂಡರೆ ಅವರಲ್ಲಿ ಬಹುಪಾಲು ಈಗ ಕ್ಯಾಮೆರಾಕ್ಕಾಗಿಯೇ ಕೂರುವವರೆಂದು ತಿಳಿದಿರಲಿ. ಚಿತ್ರ ಬೇಕಿದ್ದರೆ ಮೊದಲೇ ಹಣ ಮಾತಾಡಿ, ಅದರಲ್ಲೇನೂ ತಪ್ಪಿಲ್ಲ.

ಹಂತ 7: ತಿಮಿಂಗಿಲ ಮತ್ತು ಕಡಲಾಮೆ

ದೊಂಡ್ರ ಭೂಶಿರದ ಬಳಿ ಕಡಲು ದಡದಿಂದ ಸ್ವಲ್ಪವೇ ದೂರದಲ್ಲಿ ಆಳಕ್ಕೆ ಇಳಿಯುವುದರಿಂದ ನೀಲಿ ತಿಮಿಂಗಿಲಗಳು ಇಷ್ಟು ಹತ್ತಿರ ಬರುತ್ತವೆ. ಮಿರಿಸ್ಸದಿಂದ ನವೆಂಬರ್‌ನಿಂದ ಏಪ್ರಿಲ್‌ವರೆಗೆ ದೋಣಿಗಳು ಬೆಳಿಗ್ಗೆ ಆರೂವರೆಯ ಹೊತ್ತಿಗೆ ಹೊರಡುತ್ತವೆ. ವಾಂತಿಯ ಮಾತ್ರೆಯನ್ನು ದೋಣಿ ಹತ್ತಿದ ಮೇಲಲ್ಲ, ಅರ್ಧ ಮುಕ್ಕಾಲು ಗಂಟೆ ಮೊದಲೇ ನುಂಗಿ. ಹಿಂಭಾಗದಲ್ಲಿ ಕೂತು ದಿಗಂತವನ್ನೇ ನೋಡಿ. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ? ನೂರು ಮೀಟರ್ ಎನ್ನುವವರ ದೋಣಿ ಹತ್ತಿ. ‘ಮುಟ್ಟುವಷ್ಟು ಹತ್ತಿರ’ ಎಂದು ಕೊಚ್ಚಿಕೊಳ್ಳುವವರು ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವವರು.

ಲೋಕದ ಏಳು ಬಗೆಯ ಕಡಲಾಮೆಗಳಲ್ಲಿ ಐದು ಈ ದ್ವೀಪದ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ತಂಗಾಲೆ ಬಳಿಯ ರೆಕವದಲ್ಲಿ ರಾತ್ರಿ ಕಾವಲುಗಾರರ ಜೊತೆ ಕುಳಿತು ಕಾಯಬಹುದು. ಟಾರ್ಚ್, ಫ್ಲ್ಯಾಶ್ ನಿಷಿದ್ಧ, ಆಮೆ ಬರದೆಯೂ ಹೋಗಬಹುದು. ತೊಟ್ಟಿಯಲ್ಲಿಟ್ಟ ಆಮೆಯನ್ನು ಕೈಯಲ್ಲಿ ಎತ್ತಿಕೊಟ್ಟು ಚಿತ್ರ ತೆಗೆಸುವ ರಸ್ತೆಬದಿಯ ಮೊಟ್ಟೆ ಮರಿಮಾಡಿಸುವ ಕೇಂದ್ರಗಳಿಗಿಂತ ನನಗೆ ಈ ಕಾಯುವಿಕೆಯೇ ಹಿತ.

ಹಂತ 8: ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಅನ್ನ, ಬೇಳೆಯ ಪರಿಪ್ಪು, ತೆಂಗಿನ ಹಾಲಿನ ಪಲ್ಯಗಳು, ಆಪ್ಪ, ಒತ್ತುಶಾವಿಗೆಯನ್ನೇ ಹೋಲುವ ಇಂದಿಆಪ್ಪ: ನಮ್ಮವರಿಗೆ ಎಲ್ಲವೂ ಹತ್ತಿರದ ರುಚಿ. ಆದರೆ ಎಚ್ಚರ. ಒಣಗಿಸಿ ಪುಡಿ ಮಾಡಿದ ಉಂಬಲಕಡ ಎಂಬ ಮಾಲ್ಡೀವ್ಸ್ ಮೀನನ್ನು ಕಾಯಿತುರಿಯ ಪೊಲ್ ಸಂಬೋಲಕ್ಕೂ ಕೆಲವೊಮ್ಮೆ ತರಕಾರಿ ಪಲ್ಯಕ್ಕೂ ಸೇರಿಸುತ್ತಾರೆ. ಅಡುಗೆಯವರ ಲೆಕ್ಕದಲ್ಲಿ ಅದು ಮಸಾಲೆ, ಮೀನಲ್ಲ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗದೆ ‘ಉಂಬಲಕಡ ಎಪಾ’, ಅಂದರೆ ಉಂಬಲಕಡ ಬೇಡ, ಎಂದು ಬಿಡಿಸಿ ಹೇಳಿ.

ಮೀನು ತಿನ್ನುವವರು ದಕ್ಷಿಣದ ಅಂಬುಲ್ ತಿಯಲ್ ಬಿಡಬಾರದು. ಟ್ಯೂನಾ ತುಂಡುಗಳಿಗೆ ಗೊರಕ ಎಂಬ ಹುಳಿ ಹಾಕಿ ನೀರಾರುವವರೆಗೆ ಬೇಯಿಸಿದ ಕಪ್ಪು ಪಲ್ಯ ಅದು. ಗೊರಕ ನಮ್ಮ ಮಲೆನಾಡಿನ ಉಪ್ಪಾಗೆಯ ಬಳಗದ್ದೇ, ಹಾಗಾಗಿ ರುಚಿ ಅಪರಿಚಿತವೆನಿಸುವುದಿಲ್ಲ. ಕೊನೆಗೆ ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಕಿತುಲ್ ಪಾಕ ಸುರಿದು ತಿನ್ನಿ. ತಂಗಾಲೆಯಿಂದ ಪೂರ್ವಕ್ಕೆ ರಸ್ತೆಯುದ್ದಕ್ಕೂ ಕುಡಿಕೆಗಳು ತೂಗುತ್ತಿರುತ್ತವೆ. ಬಾಯಾರಿದರೆ ತಂಬಿಲಿ ಎಂಬ ಕೇಸರಿ ಬಣ್ಣದ ಎಳನೀರು. ಪ್ರವಾಸಿಗಳ ಹೋಟೆಲುಗಳಲ್ಲಿ ಮೆನು ದರದ ಮೇಲೆ ಶೇಕಡ 10 ಸೇವಾ ಶುಲ್ಕ ಮತ್ತು ತೆರಿಗೆ ಸೇರುತ್ತದೆ, ಅದನ್ನು ಎಣಿಸಿಯೇ ಆರ್ಡರ್ ಮಾಡಿ.

ಹಂತ 9: ಪೋಯ ದಿನ ಮತ್ತು ದೇಗುಲಗಳು

ಪ್ರತಿ ಹುಣ್ಣಿಮೆಯೂ ಪೋಯ ಎಂಬ ಸರ್ಕಾರಿ ರಜೆ. ಅಂದು ಮದ್ಯ ಮಾರುವಂತಿಲ್ಲ, ಮಾಂಸದಂಗಡಿಗಳೂ ಮುಚ್ಚಿರುತ್ತವೆ. ಟಿಕೆಟ್ ತೆಗೆಯುವಾಗ ಪಂಚಾಂಗವನ್ನೊಮ್ಮೆ ನೋಡಿದರೆ ಸಾಕು. ವಿಹಾರಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಲಿ; ಚಪ್ಪಲಿಯಷ್ಟೇ ಅಲ್ಲ, ಟೋಪಿಯನ್ನೂ ತೆಗೆಯಬೇಕು. ಬುದ್ಧನ ಮೂರ್ತಿಗೆ ಬೆನ್ನು ಮಾಡಿ ಚಿತ್ರ ತೆಗೆಸಿಕೊಳ್ಳುವುದನ್ನು ಅಪಮಾನವೆಂದೇ ಎಣಿಸುತ್ತಾರೆ. ಮೈಮೇಲೆ ಬುದ್ಧನ ಹಚ್ಚೆಯಿದ್ದರೆ ಮುಚ್ಚಿಕೊಳ್ಳಿ. ಅದೇ ಕಾರಣಕ್ಕೆ 2014ರಲ್ಲಿ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ದೇಶದಿಂದ ಹೊರಗೆ ಕಳುಹಿಸಿದ್ದರು.

ಹಂತ 10: ಆಪತ್ತಿಗೆ ಬೇಕಾದ ಸಂಖ್ಯೆಗಳು

ಪೊಲೀಸ್ 119, ಪ್ರವಾಸಿ ಪೊಲೀಸ್ 1912, ಆಂಬುಲೆನ್ಸ್ 1990. ಕೊನೆಯದು ಉಚಿತ, ಭಾರತ ಸರ್ಕಾರದ ನೆರವಿನಿಂದ 2016ರಲ್ಲಿ ಮೊದಲು ಪಶ್ಚಿಮ ಮತ್ತು ದಕ್ಷಿಣ ಪ್ರಾಂತಗಳಲ್ಲೇ ಆರಂಭವಾದದ್ದು. ಗಾಲೆಯ ಕರಾಪಿಟಿಯದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಕೊಲಂಬೊದ ಭಾರತೀಯ ಹೈಕಮಿಷನ್. ಹಂಬನ್‌ತೋಟದಲ್ಲಿಯೂ ಭಾರತದ ಕಾನ್ಸುಲೇಟ್ ಇದೆ. ಶ್ರೀಲಂಕಾ ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಘೋಷಿಸಿದೆ, ಆದರೆ ಡೆಂಗಿ ಇದೆ. ಸೊಳ್ಳೆ ಮುಲಾಮನ್ನು ಹಗಲಿನಲ್ಲೂ ಹಚ್ಚಿ.

ಹಂತ 11: ತರಬೇಕಾದದ್ದು, ತರಬಾರದ್ದು, ಹಿಂದಿರುಗುವ ದಾರಿ

ತರಬೇಕಾದದ್ದು ದಾಲ್ಚಿನ್ನಿ. ಅಸಲಿ ದಾಲ್ಚಿನ್ನಿಯ ತವರು ಇದೇ ನೆಲ. ತೆಳ್ಳನೆಯ ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡು ಕೈಯಲ್ಲಿ ಹಿಸುಕಿದರೆ ಪುಡಿಯಾಗುವುದು ಅಸಲಿ. ದಪ್ಪ ತೊಗಟೆಯ ಒಂದೇ ಸುರುಳಿಯಿದ್ದರೆ ಅದು ಕ್ಯಾಸಿಯಾ. ಅತ್ಯಂತ ತೆಳುವಾದ ಕಡ್ಡಿಗೆ ‘ಆಲ್ಬಾ’ ದರ್ಜೆ ಎನ್ನುತ್ತಾರೆ. ಬಲಪಿಟಿಯದ ಮಾದು ನದಿಯಲ್ಲಿ ದೋಣಿ ವಿಹಾರಕ್ಕೆ ಹೋದರೆ ದ್ವೀಪಗಳಲ್ಲಿ ತೊಗಟೆ ಸುಲಿಯುವುದನ್ನು ಕಣ್ಣಾರೆ ನೋಡಿ ಕೊಳ್ಳಬಹುದು. ಅಂಬಲಂಗೊಡದ ಮರದ ಮುಖವಾಡಗಳೂ ಚೆನ್ನಾಗಿವೆ. ಹವಳ, ಆಮೆಚಿಪ್ಪಿನ ವಸ್ತುಗಳನ್ನು ಯಾರು ಕೊಟ್ಟರೂ ಮುಟ್ಟಬೇಡಿ; ಅವನ್ನು ಒಯ್ಯುವುದು ಅಪರಾಧ.

ಹಿಂದಿರುಗುವ ದಿನ ಮಿರಿಸ್ಸ ಅಥವಾ ಮಾತರದಿಂದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಎಣಿಸಿ. ಕೊಲಂಬೊ ನಗರದೊಳಗೆ ಹೋಗದೆ ಹೊರವರ್ತುಲ ರಸ್ತೆಯಿಂದಲೇ ಕರೆದೊಯ್ಯುವಂತೆ ಚಾಲಕರಿಗೆ ಹಿಂದಿನ ರಾತ್ರಿಯೇ ಹೇಳಿ, ಟೋಲ್ ಬಾಡಿಗೆಯಲ್ಲಿ ಸೇರಿದೆಯೇ ಎಂದೂ ಕೇಳಿಟ್ಟುಕೊಳ್ಳಿ. ಮಧ್ಯಾಹ್ನದ ವಿಮಾನವಿದ್ದರೆ ತಿಮಿಂಗಿಲದ ದೋಣಿಯನ್ನು ಅದೇ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ತಿಮಿಂಗಿಲ ಕಾಣಿಸದಿದ್ದರೆ ದೋಣಿ ತಡವಾಗಿಯೇ ದಡ ಸೇರುತ್ತದೆ.